ಹಾರಿಬಿಟ್ಟ ಮೇಲೆ ಹಿಡಿಯಲಾಗದು: ಬಲೂನು ನಿಷೇಧದ ಕಾನೂನು ಜಾರಿಯಾಗುವುದು ಹೇಗೆ?

ಈ ಅಪರಾಧ ನಡೆದು ಮುಗಿಯಲು ಹತ್ತು ಸೆಕೆಂಡು ಸಾಕು. ಮೈದಾನದಲ್ಲಿ ನೂರಾರು ಜನ ದಾರ ಹಿಡಿದು ನಿಂತಿರುತ್ತಾರೆ. ಯಾರೋ ಮೈಕಿನಲ್ಲಿ ಮೂರರವರೆಗೆ ಎಣಿಸುತ್ತಾರೆ, ಎಲ್ಲರೂ ಒಟ್ಟಿಗೆ ಕೈ ಸಡಿಲಿಸುತ್ತಾರೆ. ಚಪ್ಪಾಳೆ ನಿಲ್ಲುವಷ್ಟರಲ್ಲಿ ಬಲೂನುಗಳು ಮರಗಳ ನೆತ್ತಿ ದಾಟಿರುತ್ತವೆ. ಆಮೇಲೆ ಬಂದ ಅಧಿಕಾರಿಗೆ ಮುಟ್ಟುಗೋಲು ಹಾಕಿಕೊಳ್ಳಲು ಏನೂ ಉಳಿದಿರುವುದಿಲ್ಲ. ಸಾಕ್ಷ್ಯವೆಲ್ಲ ಗಾಳಿಯ ಪಾಲಾಗಿ, ಎಷ್ಟೋ ಗಂಟೆಗಳ ನಂತರ ದೂರದ ಹೊಲದಲ್ಲೋ ಕಾಡಿನಲ್ಲೋ ಕಡಲಿನಲ್ಲೋ ಬೀಳುತ್ತದೆ. ಬಿದ್ದ ಬಲೂನಿನ ಮೇಲೆ ಅದನ್ನು ಬಿಟ್ಟವರ ಹೆಸರು ಇರುವುದಿಲ್ಲ.

ಕಾರ್ಖಾನೆಯೊಂದು ಹೊಳೆಗೆ ವಿಷ ಬಿಟ್ಟರೆ ಅದರ ಕೊಳವೆ ನಾಳೆಯೂ ಅಲ್ಲೇ ಇರುತ್ತದೆ. ನೀರಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಬಲೂನಿನ ವಿಷಯದಲ್ಲಿ ಜಾರಿ ಅಧಿಕಾರಿಗೆ ಅಂಥ ಅನುಕೂಲ ಯಾವುದೂ ಇಲ್ಲ. ಅಮೆರಿಕ ಮತ್ತು ಆಸ್ಟ್ರೇಲಿಯಾದ ಹಲವು ರಾಜ್ಯಗಳು ಬಲೂನು ಹಾರಿಬಿಡುವುದನ್ನು ಕಾನೂನಿನ ಮೂಲಕವೇ ನಿಷೇಧಿಸಿವೆ ಇಲ್ಲವೇ ಮಿತಿಗೊಳಪಡಿಸಿವೆ. ಆದರೂ ದಂಡ ಬಿದ್ದ ಸುದ್ದಿ ಕೇಳುವುದು ಅಪರೂಪ. ಇದಕ್ಕೆ ಅಧಿಕಾರಿಗಳ ಉದಾಸೀನವೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ದಾರ ಕೈಬಿಟ್ಟ ಮೇಲೆ ಹಿಡಿಯಲು ಹೊರಡುವ ಕಾನೂನು ಬಹುಮಟ್ಟಿಗೆ ಸೋಲುತ್ತದೆ. ದಾರ ಇನ್ನೂ ಕೈಯಲ್ಲಿರುವಾಗಲೇ ತಡೆಯುವ ಕಾನೂನಿಗೆ ಗೆಲ್ಲುವ ಅವಕಾಶವಿದೆ. ಎರಡರ ನಡುವಿನ ವ್ಯತ್ಯಾಸ ಅಡಗಿರುವುದು ಕಾನೂನಿನ ಕೆಲವೇ ಸಾಲುಗಳಲ್ಲಿ.

ಮೊದಲು ಹಾನಿಯ ಮಾತು. ಹೀಲಿಯಂ ತುಂಬಿದ ಲೇಟೆಕ್ಸ್ ಬಲೂನು ಮೇಲೇರಿದಂತೆ ಸುತ್ತಲಿನ ಗಾಳಿಯ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ. ಚೆನ್ನಾಗಿ ತುಂಬಿದ ಬಲೂನು ಎಂಟು ಕಿಲೋಮೀಟರಿನಷ್ಟು ಎತ್ತರದಲ್ಲಿ, ಕೊರೆಯುವ ಚಳಿಯಲ್ಲಿ ಒಡೆದು ಕೆಳಗೆ ಬರುತ್ತದೆ. ಅರೆಬರೆ ತುಂಬಿದ್ದು, ಅನಿಲ ಸೋರಿದ್ದು ಇಡಿಯಾಗಿಯೇ ಇಳಿಯುತ್ತದೆ. ನೀರಿನಲ್ಲಿ ತೇಲುವ ಮೆತ್ತನೆಯ ರಬ್ಬರ್ ತುಂಡು ಕಡಲಾಮೆಯ ಕಣ್ಣಿಗೆ ಜೆಲ್ಲಿ ಮೀನಿನಂತೆ ಕಾಣುತ್ತದೆ. ನುಂಗಿದ ಮೇಲೆ ಅದು ಜಠರ, ಕರುಳಿನ ದಾರಿಯನ್ನು ಮುಚ್ಚುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 51 ಪ್ರಭೇದಗಳಿಗೆ ಸೇರಿದ 1,733 ಕಡಲಹಕ್ಕಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಟ್ಟಿ ಪ್ಲಾಸ್ಟಿಕ್ ತುಂಡು ನುಂಗಿದ ಹಕ್ಕಿಗಿಂತ ಬಲೂನು ಅಥವಾ ಅದರ ಚೂರು ನುಂಗಿದ ಹಕ್ಕಿ ಸಾಯುವ ಸಾಧ್ಯತೆ 32 ಪಟ್ಟು ಹೆಚ್ಚು. ಗಟ್ಟಿ ಚೂರು ಕೆಲವೊಮ್ಮೆ ಹೊಟ್ಟೆಯಿಂದ ಹೊರಗೆ ಹೋಗಿಬಿಡುತ್ತದೆ. ಮೆತ್ತನೆಯ ರಬ್ಬರ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಲೂನಿಗೆ ಕಟ್ಟಿದ ರಿಬ್ಬನ್ ಹಕ್ಕಿಯ ಕಾಲು, ರೆಕ್ಕೆ, ಕೊರಳಿಗೆ ಸುತ್ತಿಕೊಳ್ಳುವುದು ಇನ್ನೊಂದು ಬಗೆಯ ಸಾವು. ಮಿರಮಿರನೆ ಮಿನುಗುವ ಫಾಯಿಲ್ ಬಲೂನಿನ ಮೈಗೆ ಲೋಹದ ಲೇಪವಿರುತ್ತದೆ. ಅದು ವಿದ್ಯುತ್ ತಂತಿಗಳಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಇಡೀ ಬಡಾವಣೆಯ ವಿದ್ಯುತ್ ಹೋಗಬಹುದು, ಕೆಲವೊಮ್ಮೆ ಬೆಂಕಿಯೂ ಹೊತ್ತಿಕೊಳ್ಳಬಹುದು.

ಬಲೂನು ಬಿಡುವುದು ನಿರುಪದ್ರವಿ ಸಂಭ್ರಮ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1986ರ ಸೆಪ್ಟೆಂಬರ್ 27ರಂದು, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ವಿಶ್ವದಾಖಲೆಗಾಗಿ, ಸಮಾಜಸೇವಾ ಸಂಸ್ಥೆಯೊಂದರ ನಿಧಿ ಸಂಗ್ರಹದ ಅಂಗವಾಗಿ, ಅಂದು ಸುಮಾರು 14 ಲಕ್ಷ ಬಲೂನುಗಳನ್ನು ಒಮ್ಮೆಗೇ ಬಿಡಲಾಯಿತು. ಮಳೆ ಮತ್ತು ತಂಪು ಗಾಳಿ ಅವುಗಳನ್ನು ಅರ್ಧದಾರಿಯಲ್ಲೇ ಕೆಳಕ್ಕೆ ತಳ್ಳಿತು. ರಸ್ತೆಗಳ ಮೇಲೆ, ಈರಿ ಸರೋವರದ ಮೇಲೆ ಬಲೂನುಗಳು ಹರಡಿದವು. ಸರೋವರದ ದಡದ ವಿಮಾನ ನಿಲ್ದಾಣದಲ್ಲಿ ರನ್‌ವೇ ಮುಚ್ಚಬೇಕಾಯಿತು. ಅದೇ ಸಮಯದಲ್ಲಿ ಸರೋವರದಲ್ಲಿ ಇಬ್ಬರು ಮೀನುಗಾರರು ಕಾಣೆಯಾಗಿದ್ದರು. ನೀರಿನ ತುಂಬ ಬಣ್ಣಬಣ್ಣದ ಗುಂಡುಗಳು ತೇಲುತ್ತಿರುವಾಗ ಮನುಷ್ಯರ ತಲೆಯನ್ನು ಗುರುತಿಸುವುದು ಶೋಧಕರಿಗೆ ಬಹಳ ಕಷ್ಟವಾಯಿತು. ಇಬ್ಬರೂ ಬದುಕುಳಿಯಲಿಲ್ಲ. ಸಂಘಟಕರ ಮೇಲೆ ಮೊಕದ್ದಮೆಗಳು ಹೂಡಲ್ಪಟ್ಟವು. ಅವು ನಷ್ಟ ಪರಿಹಾರದ ಮೊಕದ್ದಮೆಗಳು ಎಂಬುದನ್ನು ಗಮನಿಸಬೇಕು. ಹಾನಿ ನಡೆದ ಮೇಲೆ ನ್ಯಾಯಾಲಯಕ್ಕೆ ಹೋಗುವ ದಾರಿ ಯಾವಾಗಲೂ ಇತ್ತು. ಮುಂಚಿತವಾಗಿ ತಡೆಯುವ ದಾರಿಯನ್ನು ಕಾನೂನುಗಳು ಹುಡುಕಿಕೊಂಡದ್ದು ಆಮೇಲೆ, ಅದೂ ತಡವರಿಸುತ್ತ.

ಆ ತಡವರಿಕೆ ಅತಿ ಸ್ಪಷ್ಟವಾಗಿ ಕಾಣುವುದು ಸಂಖ್ಯೆಯ ಮಿತಿಯಲ್ಲಿ. ಮೊದಮೊದಲಿನ ಕಾನೂನುಗಳು ಬಲೂನು ಬಿಡುವುದನ್ನು ಪೂರ್ತಿ ನಿಷೇಧಿಸುವ ಗೋಜಿಗೆ ಹೋಗಲಿಲ್ಲ, 'ಸಾಮೂಹಿಕ' ಬಿಡುಗಡೆಯನ್ನು ಮಾತ್ರ ತಡೆದವು. ಅಮೆರಿಕದ ವರ್ಜೀನಿಯಾ ರಾಜ್ಯದ ಹಳೆಯ ಕಾನೂನಿನಲ್ಲಿ ಒಂದು ಗಂಟೆಯೊಳಗೆ 50 ಅಥವಾ ಅದಕ್ಕಿಂತ ಹೆಚ್ಚು ಬಲೂನು ಬಿಟ್ಟರೆ ಮಾತ್ರ ತಪ್ಪು. ಫ್ಲೋರಿಡಾದ ಹಳೆಯ ಕಾನೂನಿನಲ್ಲಿ 24 ಗಂಟೆಯೊಳಗೆ ಹತ್ತು ಅಥವಾ ಹೆಚ್ಚು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಸರಿಸುಮಾರು ಒಂದೇ ಸಮಯಕ್ಕೆ 20 ಅಥವಾ ಹೆಚ್ಚು ಬಿಟ್ಟರೆ ಅಪರಾಧ. ಕಾಗದದ ಮೇಲೆ ಇವು ರಾಜಿಯಂತೆ ಕಾಣುತ್ತವೆ: ಮಗುವಿನ ಕೈ ಜಾರಿದ ಒಂದು ಬಲೂನಿಗೆ ಯಾರನ್ನೂ ಹಿಡಿಯಬೇಕಾಗಿಲ್ಲ, ದೊಡ್ಡ ಸಮಾರಂಭಗಳಿಗಷ್ಟೇ ಕಡಿವಾಣ.

ಆದರೆ ಮೈದಾನದಲ್ಲಿ ನಿಂತ ಅಧಿಕಾರಿಯ ಸ್ಥಾನದಿಂದ ಇದನ್ನು ನೋಡಬೇಕು. ಹಾರುತ್ತಿರುವ ಬಲೂನುಗಳನ್ನು ಅವರು ಎಣಿಸಬೇಕು. ಎಣಿಸಿದ್ದು 49 ಆಗಿರಲಿಲ್ಲ, 50 ಆಗಿತ್ತು ಎಂದು ಆಮೇಲೆ ಸಾಬೀತುಪಡಿಸಬೇಕು. ಎಲ್ಲವೂ ಒಂದೇ ಗಂಟೆಯೊಳಗೆ ಹೋದವು ಎಂದು ತೋರಿಸಬೇಕು. ಹತ್ತು ಜನ ತಲಾ ಒಂಬತ್ತು ಬಿಟ್ಟರೆ ಅದು ಒಂದೇ ಕೃತ್ಯವೋ ಹತ್ತು ಬೇರೆ ಬೇರೆ ಕೃತ್ಯಗಳೋ ಎಂಬ ವಾದಕ್ಕೆ ಉತ್ತರ ಕೊಡಬೇಕು. ಅಷ್ಟಕ್ಕೂ ಅಮೆರಿಕದ ಒಂದು ರಾಜ್ಯದ ಜನರೆಲ್ಲ ದಿನಕ್ಕೆ ಒಂಬತ್ತು ಬಲೂನು ಬಿಡಬಹುದು ಎಂದು ಕಾನೂನೇ ಹೇಳುತ್ತಿದ್ದರೆ, ಅದು ಅವರಿಗೆ ತಲುಪಿಸುವ ಸಂದೇಶವೇನು? ಬಲೂನು ಬಿಡುವುದು ಸರಿ, ಲೆಕ್ಕ ತಪ್ಪಬಾರದು ಅಷ್ಟೇ ಎಂದು. ಸಂಖ್ಯೆಯ ಮಿತಿಯನ್ನು ನಾನು ಜಾರಿಯ ಅತಿ ದೊಡ್ಡ ಶತ್ರು ಎಂದೇ ಭಾವಿಸುತ್ತೇನೆ. ಸೊನ್ನೆಯನ್ನು ಎಣಿಸಬೇಕಾಗಿಲ್ಲ. ಉದ್ದೇಶಪೂರ್ವಕವಾಗಿ ಒಂದನ್ನು ಬಿಟ್ಟರೂ ತಪ್ಪು ಎಂದಾಗ ನೋಡಿದವರೆಲ್ಲರಿಗೂ ತಪ್ಪು ನಡೆಯಿತೆಂದು ಗೊತ್ತಾಗುತ್ತದೆ, ಬಿಡುವವರಿಗೂ ಗೊತ್ತಾಗುತ್ತದೆ.

ವರ್ಜೀನಿಯಾ 2021ರಲ್ಲಿ, ಫ್ಲೋರಿಡಾ 2024ರಲ್ಲಿ ಆ ದಾರಿಗೆ ಬಂದವು. ಎರಡೂ ಕಡೆ ಸಂಖ್ಯೆಯ ಮಿತಿ ಹೋಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಜುಲೈನಿಂದ ಒಂದು ಬಲೂನನ್ನು ಬಿಡುವುದೂ ಕಾನೂನುಬಾಹಿರ. ಹವಾಯಿಯಲ್ಲಿ 2023ರ ಆರಂಭದಿಂದ ಉದ್ದೇಶಪೂರ್ವಕವಾಗಿ ಬಲೂನು ಬಿಟ್ಟವರಿಗೆ 500 ಡಾಲರ್ ದಂಡವಿದೆ.

ಸಂಖ್ಯೆಯಷ್ಟೇ ತೊಂದರೆ ಕೊಟ್ಟ ಇನ್ನೊಂದು ರಂಧ್ರ 'ಕೊಳೆತು ಮಣ್ಣಾಗುವ ಬಲೂನು' ಎಂಬ ವಿನಾಯಿತಿ. ಫ್ಲೋರಿಡಾದ ಹಳೆಯ ಕಾನೂನು, ಜೈವಿಕವಾಗಿ ಅಥವಾ ಬೆಳಕಿನಿಂದ ಕರಗುವ, ದಾರ ರಿಬ್ಬನ್ ಇಲ್ಲದೆ ಕೈಯಿಂದ ಗಂಟು ಹಾಕಿದ ಬಲೂನುಗಳನ್ನು ನಿಷೇಧದಿಂದ ಹೊರಗಿಟ್ಟಿತ್ತು. ಲೇಟೆಕ್ಸ್ ರಬ್ಬರ್ ಮರದ ಹಾಲಿನಿಂದ ಬರುವುದು ನಿಜ. ಆದರೆ ಬಲೂನಾಗುವಷ್ಟರಲ್ಲಿ ಅದಕ್ಕೆ ಗಂಧಕ, ಬಣ್ಣ, ಬಾಳಿಕೆ ಹೆಚ್ಚಿಸುವ ರಾಸಾಯನಿಕಗಳು ಸೇರಿರುತ್ತವೆ. ಲೇಟೆಕ್ಸ್ ಬಲೂನು ಓಕ್ ಮರದ ಎಲೆಯಷ್ಟೇ ಬೇಗ ಕೊಳೆಯುತ್ತದೆ ಎಂಬ ಮಾತು ದಶಕಗಳ ಕಾಲ ಚಾಲ್ತಿಯಲ್ಲಿತ್ತು. ಅದರ ಮೂಲ 1989ರಲ್ಲಿ ಬಲೂನು ಉದ್ಯಮವೇ ಮಾಡಿಸಿದ ಅಧ್ಯಯನ. ಟಾಸ್ಮೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಲೇಟೆಕ್ಸ್ ಬಲೂನುಗಳನ್ನು ಸಿಹಿನೀರು, ಉಪ್ಪುನೀರು, ಕಾಂಪೋಸ್ಟ್ ಮೂರರಲ್ಲೂ 16 ವಾರ ಇಟ್ಟು ನೋಡಿದಾಗ ಅವು ಹೇಳಿಕೊಳ್ಳುವಂಥ ಪ್ರಮಾಣದಲ್ಲಿ ಕೊಳೆತಿರಲಿಲ್ಲ. ಹಸಿದ ಆಮೆ 16 ವಾರ ಕಾಯುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಜಾರಿಯ ದೃಷ್ಟಿಯಿಂದ ಈ ವಿನಾಯಿತಿ ಇನ್ನೂ ಕೆಟ್ಟದ್ದು. ಮೇಲೆ ಹಾರುತ್ತಿರುವ ಬಲೂನು ಯಾವ ಬಗೆಯದು ಎಂದು ಕೆಳಗೆ ನಿಂತ ಅಧಿಕಾರಿ ಹೇಗೆ ನಿರ್ಧರಿಸಬೇಕು? ಸಂಘಟಕರು ಪೊಟ್ಟಣದ ಮೇಲಿನ ಹಸಿರು ಅಕ್ಷರಗಳನ್ನು ತೋರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ಈ ವಿಷಯದಲ್ಲಿ ವರ್ಜೀನಿಯಾದ ಹಳೆಯ ಕಾನೂನು ತನ್ನ ಕಾಲಕ್ಕಿಂತ ಮುಂದಿತ್ತು. ಗಾಳಿ ಅಥವಾ ನೀರಿನ ಸಂಪರ್ಕಕ್ಕೆ ಬಂದು ಕರಗಲು ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಕಾದ ಯಾವ ವಸ್ತುವಿನ ಬಲೂನಿಗೂ ನಿಷೇಧ ಅನ್ವಯಿಸುತ್ತಿತ್ತು. ಐದು ನಿಮಿಷದಲ್ಲಿ ಕರಗುವ ಬಲೂನನ್ನು ಯಾರೂ ಮಾರುವುದಿಲ್ಲ. ಹಾಗಾಗಿ ಹಸಿರು ಅಕ್ಷರಗಳ ವಾದಕ್ಕೆ ಅಲ್ಲಿ ನೆಲೆಯೇ ಇರಲಿಲ್ಲ. ಕಾನೂನು ಬರೆಯುವವರು ಗಮನಿಸಬೇಕಾದ ಜಾಣ್ಮೆ ಇದು. ಫ್ಲೋರಿಡಾ 2024ರ ತಿದ್ದುಪಡಿಯಲ್ಲಿ ವಿನಾಯಿತಿಯನ್ನೇ ತೆಗೆದುಹಾಕಿತು.

ಕೆಲವು ವಿನಾಯಿತಿಗಳು ಮಾತ್ರ ಇರಲೇಬೇಕು, ಅವುಗಳ ಬಗ್ಗೆ ಹೆಚ್ಚು ವಿವಾದವೂ ಇಲ್ಲ. ಹವಾಮಾನ ಕೇಂದ್ರಗಳು ಜಗತ್ತಿನ ನೂರಾರು ಕಡೆಗಳಿಂದ ದಿನಕ್ಕೆ ಎರಡು ಬಾರಿ ಉಪಕರಣ ಹೊತ್ತ ಬಲೂನುಗಳನ್ನು ಬಿಡುತ್ತವೆ. ಅವಿಲ್ಲದೆ ಹವಾಮಾನ ಮುನ್ಸೂಚನೆ ಬಡವಾಗುತ್ತದೆ. ಜನರನ್ನು ಹೊತ್ತು ಹಾರಿ ಮತ್ತೆ ನೆಲಕ್ಕಿಳಿಯುವ ಬಿಸಿಗಾಳಿ ಬಲೂನು, ಕಟ್ಟಡದೊಳಗೆ ಬಿಟ್ಟು ಅಲ್ಲೇ ಉಳಿಯುವ ಬಲೂನು, ಅಜಾಗರೂಕತೆ ಇಲ್ಲದೆ ಆಕಸ್ಮಿಕವಾಗಿ ಕೈತಪ್ಪಿದ್ದು, ಇವೆಲ್ಲ ಸಾಮಾನ್ಯವಾಗಿ ಹೊರಗಿರುತ್ತವೆ.

ತಪ್ಪಿತಸ್ಥರು ಯಾರು ಎಂಬ ಪ್ರಶ್ನೆಗೆ ಬರೋಣ. ಶಾಲೆಯ ಸಮಾರಂಭದಲ್ಲಿ ಬಲೂನಿನ ದಾರ ಇರುವುದು ಮಕ್ಕಳ ಕೈಯಲ್ಲಿ, ತೀರ್ಮಾನ ತೆಗೆದುಕೊಂಡವರು ದೊಡ್ಡವರು. ಬರೀ 'ಬಿಟ್ಟವರಿಗೆ ದಂಡ' ಎಂದು ಬರೆದರೆ ಎಂಟು ವರ್ಷದ ಹುಡುಗಿಯ ಹೆಸರಿಗೆ ಚೀಟಿ ಹರಿಯಬೇಕಾಗುತ್ತದೆ. ಯಾವ ಅಧಿಕಾರಿಯೂ ಅದನ್ನು ಮಾಡುವುದಿಲ್ಲ, ಮಾಡಲೂ ಬಾರದು. ಆದ್ದರಿಂದಲೇ ಒಳ್ಳೆಯ ಕಾನೂನುಗಳು 'ಬಿಡುವವರು' ಜತೆಗೆ 'ಬಿಡುಗಡೆಯನ್ನು ಸಂಘಟಿಸುವವರು', 'ಬಿಡುವಂತೆ ಮಾಡುವವರು' ಎಂದೂ ಸೇರಿಸುತ್ತವೆ. ವರ್ಜೀನಿಯಾದಲ್ಲಿ 16 ವರ್ಷಕ್ಕಿಂತ ಚಿಕ್ಕವರು ದೊಡ್ಡವರ ಸೂಚನೆಯಂತೆ ಬಲೂನು ಬಿಟ್ಟರೆ ಹೊಣೆ ಆ ದೊಡ್ಡವರದು. ಫ್ಲೋರಿಡಾದಲ್ಲಿ ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ದಂಡವಿಲ್ಲ. ಸಂಘಟಕರನ್ನು ಹೊಣೆಗಾರರನ್ನಾಗಿ ಮಾಡಿದರೆ ಜಾರಿಯ ಕೆಲಸ ಎಷ್ಟೋ ಹಗುರವಾಗುತ್ತದೆ: ಗುಂಪಿನಲ್ಲಿ ಯಾರು ಎಷ್ಟು ಬಿಟ್ಟರು ಎಂದು ಹುಡುಕುವ ಬದಲು, ಆಹ್ವಾನ ಪತ್ರಿಕೆಯಲ್ಲಿರುವ ಹೆಸರನ್ನು ನೋಡಿದರೆ ಸಾಕು.

ದಂಡದ ಮೊತ್ತವನ್ನು ಲೆಕ್ಕ ಹಾಕುವ ರೀತಿಯೂ ಮುಖ್ಯ. ಫ್ಲೋರಿಡಾದಲ್ಲಿ ಈಗ ಅದು ಕಸ ಎಸೆದ ತಪ್ಪಿಗೆ ಸಮಾನ, 150 ಡಾಲರ್. ವರ್ಜೀನಿಯಾದಲ್ಲಿ ಒಂದು ಬಲೂನಿಗೆ 25 ಡಾಲರ್‌ವರೆಗೆ. ಒಂದೆರಡು ಬಲೂನು ಬಿಟ್ಟ ಕುಟುಂಬಕ್ಕೆ ವರ್ಜೀನಿಯಾದ ದಂಡ ಹಗುರ. ಇನ್ನೂರು ಬಲೂನು ಬಿಟ್ಟ ಕಂಪನಿಗೆ ಅದು 5,000 ಡಾಲರ್‌ವರೆಗೆ ಏರಬಹುದು. ಹಾನಿಗೆ ತಕ್ಕಂತೆ ದಂಡ ಬೆಳೆಯುವುದು ನ್ಯಾಯವೆಂದು ನನಗನಿಸುತ್ತದೆ. ಅದರಿಂದ ಎಣಿಕೆಯ ಸಮಸ್ಯೆ ಮತ್ತೆ ಬಂತಲ್ಲ ಎನ್ನಬಹುದು. ಬಂತು, ಆದರೆ ಈ ಸಲ ಅದು ಅಪರಾಧ ನಡೆದಿದೆಯೇ ಎಂಬುದನ್ನು ನಿರ್ಧರಿಸುವುದಿಲ್ಲ, ಮೊತ್ತವನ್ನು ಮಾತ್ರ ನಿರ್ಧರಿಸುತ್ತದೆ. ಅದಕ್ಕೆ ಬಲೂನು ಕೊಂಡ ರಸೀದಿ ಸಾಕು. ಎರಡೂ ರಾಜ್ಯಗಳು ಇದನ್ನು ಜೈಲಿನ ಮಟ್ಟದ ಅಪರಾಧವನ್ನಾಗಿ ಮಾಡಿಲ್ಲ ಎಂಬುದೂ ಸರಿಯಾದ ನಿರ್ಧಾರವೇ. ಶಿಕ್ಷೆ ಭಾರವಾದಷ್ಟೂ ಅಧಿಕಾರಿಯ ಕೈ ಹಿಂದೆ ಸರಿಯುತ್ತದೆ, ಸಾಬೀತುಪಡಿಸುವ ಹೊರೆಯೂ ಏರುತ್ತದೆ.

ಜಾರಿ ಮಾಡುವವರು ಯಾರು? ಪೊಲೀಸರಿಗೆ ಇದಕ್ಕಿಂತ ತುರ್ತಾದ ನೂರು ಕೆಲಸಗಳಿರುತ್ತವೆ. ವನ್ಯಜೀವಿ ಅಧಿಕಾರಿಗಳಿಗೆ ಕಾಳಜಿಯಿದ್ದರೂ ಅವರು ಊರಿನ ಮೈದಾನದಲ್ಲಿ ಇರುವುದಿಲ್ಲ. ಪರಿಸರ ಇಲಾಖೆಯ ಕಚೇರಿ ದೂರದಲ್ಲಿರುತ್ತದೆ, ಸಮಾರಂಭ ನಡೆಯುವುದು ರಜೆಯ ದಿನ. ಬಲೂನು ಹಾರಿದ್ದು ಒಂದು ಆಡಳಿತದ ವ್ಯಾಪ್ತಿಯಲ್ಲಿ, ಬಿದ್ದದ್ದು ಇನ್ನೊಂದರಲ್ಲಿ. ಕಸ ಹೆಕ್ಕುವ ಖರ್ಚು ಬಿದ್ದ ಊರಿನದು, ಕ್ರಮ ಕೈಗೊಳ್ಳುವ ಅಧಿಕಾರ ಹಾರಿಸಿದ ಊರಿನದು. ಹೀಗಿರುವಾಗ ಸ್ಥಳೀಯ ಸಂಸ್ಥೆಗಳೇ ಈ ಕೆಲಸಕ್ಕೆ ಹೆಚ್ಚು ತಕ್ಕವು ಎಂದು ಕಾಣುತ್ತದೆ. ಏಕೆಂದರೆ ಮೈದಾನ ಅವರದು, ಉದ್ಯಾನ ಅವರದು, ಸಮಾರಂಭಕ್ಕೆ ಅನುಮತಿ ಕೊಡುವವರೂ ಅವರೇ. ಬ್ರಿಟನ್ನಿನಲ್ಲಿ ಅನೇಕ ಸ್ಥಳೀಯ ಆಡಳಿತಗಳು ಹಿಡಿದದ್ದು ಇದೇ ದಾರಿ: ತಮ್ಮ ಒಡೆತನದ ಜಾಗದಲ್ಲಿ ಬಲೂನು ಬಿಡುವಂತಿಲ್ಲ ಎಂಬ ಷರತ್ತು. ಷರತ್ತು ಮುರಿದರೆ ಮುಂದಿನ ಸಲ ಜಾಗ ಸಿಗುವುದಿಲ್ಲ, ಇಟ್ಟ ಠೇವಣಿ ಹಿಂತಿರುಗುವುದಿಲ್ಲ ಎಂದು ಬರೆದುಬಿಟ್ಟರೆ ಸಂಘಟಕರನ್ನು ತಡೆಯಲು ದಂಡದ ಚೀಟಿಗಿಂತ ಅದೇ ಹೆಚ್ಚು ಬಲವಾದ ಕಾರಣ. ಅದಕ್ಕೆ ಆಕಾಶ ನೋಡಿ ಎಣಿಸುವ ಅಧಿಕಾರಿ ಬೇಕಾಗಿಲ್ಲ.

ಫ್ಲೋರಿಡಾದ ಹಳೆಯ ಕಾನೂನಿನಲ್ಲಿ ಇಷ್ಟೆಲ್ಲ ದೋಷಗಳ ನಡುವೆ ಒಂದು ಅಮೂಲ್ಯ ಕಲಮು ಇತ್ತು. ಬಲೂನು ಬಿಡುಗಡೆ ನಡೆಯಲಿರುವ ಕೌಂಟಿಯ ಯಾವುದೇ ನಾಗರಿಕರು ನ್ಯಾಯಾಲಯಕ್ಕೆ ಹೋಗಿ ಅದಕ್ಕೆ ಮುಂಚಿತವಾಗಿ ತಡೆಯಾಜ್ಞೆ ಕೇಳಬಹುದಿತ್ತು. ತನಗೆ ನೇರವಾಗಿ ನಷ್ಟವಾಯಿತೆಂದು ತೋರಿಸಬೇಕಾಗಿರಲಿಲ್ಲ. ಸಾಮೂಹಿಕ ಬಿಡುಗಡೆ ಎಂಬುದು ಗುಟ್ಟಾಗಿ ನಡೆಯುವ ಕೆಲಸವಲ್ಲ. ಅದಕ್ಕೆ ದಿನಾಂಕ, ಸಮಯ, ಸ್ಥಳ ಎಲ್ಲವೂ ಮೊದಲೇ ಪ್ರಕಟವಾಗಿರುತ್ತವೆ, ಜನ ಸೇರಲೆಂದು ಪ್ರಚಾರ ನಡೆದಿರುತ್ತದೆ. ಅಪರಾಧಕ್ಕೆ ಮುಂಚೆಯೇ ಅದರ ವಿಳಾಸ ಸಿಗುವುದು ಜಾರಿ ವ್ಯವಸ್ಥೆಗೆ ದೊರೆತ ದೊಡ್ಡ ಅನುಕೂಲ. ಅದನ್ನು ಬಳಸಿಕೊಳ್ಳದ ಕಾನೂನು ತನ್ನ ಅತ್ಯುತ್ತಮ ಅಸ್ತ್ರವನ್ನು ತಾನೇ ಕೆಳಗಿಟ್ಟಂತೆ.

ಇನ್ನೂ ಹಿಂದಕ್ಕೆ ಹೋದರೆ ಅಂಗಡಿ ಸಿಗುತ್ತದೆ. ಕ್ಯಾಲಿಫೋರ್ನಿಯಾ ಬಹಳ ಹಿಂದಿನಿಂದಲೇ, ಹೀಲಿಯಂ ತುಂಬಿದ ಫಾಯಿಲ್ ಬಲೂನನ್ನು ಮೇಲೇರದಂತೆ ತಡೆಯುವ ತೂಕ ಕಟ್ಟಿಯೇ ಮಾರಬೇಕು ಎಂದು ವಿಧಿಸಿದೆ. 2022ರಲ್ಲಿ ಆ ರಾಜ್ಯ ಇನ್ನೊಂದು ಹೆಜ್ಜೆ ಮುಂದಿಟ್ಟು, ವಿದ್ಯುತ್ ತಂತಿಗೆ ತಾಗಿದರೂ ಶಾರ್ಟ್ ಆಗದ ಫಾಯಿಲ್ ಬಲೂನುಗಳನ್ನಷ್ಟೇ ಮಾರುವ ಸ್ಥಿತಿಗೆ ಹಂತಹಂತವಾಗಿ ಹೋಗುವ ಕಾನೂನು ಮಾಡಿತು. ಕೊಳ್ಳುವವರು ಲಕ್ಷಾಂತರ ಮಂದಿ, ಮಾರುವವರು ಅದಕ್ಕಿಂತ ಎಷ್ಟೋ ಕಡಿಮೆ. ತಪಾಸಣೆ ಮಾರುವವರ ಬಾಗಿಲಲ್ಲಿ ನಡೆಯುವುದೇ ಸುಲಭ. ಇದರಿಂದ ಕಡಲಾಮೆಗೆ ಆಗುವ ಲಾಭ ಅಲ್ಪ, ಏಕೆಂದರೆ ಶಾರ್ಟ್ ಆಗದ ಬಲೂನೂ ಕಸವೇ. ಆದರೆ ಜಾರಿಯ ಪಾಠ ಮುಖ್ಯವಾದದ್ದು.

ಅಂಗಡಿಯನ್ನು ಮರೆತ ನಿಷೇಧ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಜರ್ಮನಿಯ ಕ್ರೆಫೆಲ್ಡ್ ಸಾಕ್ಷಿ. ಅಲ್ಲಿನ ವಿಷಯ ಬಲೂನಲ್ಲ, ಅದರ ಹತ್ತಿರದ ಬಂಧುವಾದ, ಒಳಗಿನ ಬೆಂಕಿಯ ಬಿಸಿಗೆ ಮೇಲೇರುವ ಕಾಗದದ ಆಕಾಶದೀಪ. ಆ ನಗರವಿರುವ ರಾಜ್ಯದಲ್ಲಿ 2009ರಿಂದಲೇ ಆಕಾಶದೀಪ ಹಾರಿಸುವುದು ನಿಷಿದ್ಧ. ಆದರೂ 2020ರ ಹೊಸ ವರ್ಷದ ರಾತ್ರಿ ಹಾರಿಸಿದ ದೀಪಗಳಿಂದ ಮೃಗಾಲಯದ ವಾನರಗಳ ಮನೆಗೆ ಬೆಂಕಿ ಹತ್ತಿ ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ ಸೇರಿ 30ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಮರುದಿನ ಮೂವರು ಮಹಿಳೆಯರು ತಾವಾಗಿಯೇ ಪೊಲೀಸರ ಬಳಿ ಬಂದರು. ದೀಪಗಳನ್ನು ಅವರು ಅಂತರ್ಜಾಲದಲ್ಲಿ ಕೊಂಡಿದ್ದರು. ನಿಷೇಧವಿರುವುದು ಅವರಿಗೆ ತಿಳಿದಿರಲಿಲ್ಲ. ಹತ್ತು ವರ್ಷ ಹಳೆಯ ಕಾನೂನು ಕೊಳ್ಳುವವರ ಕಿವಿಗೇ ಬಿದ್ದಿರಲಿಲ್ಲ ಎಂದರೆ ಅದನ್ನು ಜಾರಿಯಲ್ಲಿದ್ದ ಕಾನೂನು ಎಂದು ಹೇಗೆ ಕರೆಯುವುದು?

ಈ ಎಲ್ಲದರಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಶೋಕದ ಸಂದರ್ಭ. ತೀರಿಕೊಂಡವರ ನೆನಪಿಗೆ, ಅದರಲ್ಲೂ ಮಕ್ಕಳ ನೆನಪಿಗೆ, ಬಲೂನು ಬಿಡುವ ರೂಢಿ ಹಲವು ಸಮಾಜಗಳಲ್ಲಿ ಬೇರೂರಿದೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ದಂಡದ ಚೀಟಿ ಬರೆಯಬಲ್ಲವರು ಯಾರು? ಅಂಥ ಕಡೆ ಅಧಿಕಾರಿ ಮುಖ ತಿರುಗಿಸಿದರೆ ನಾನು ಅವರನ್ನು ದೂರುವುದಿಲ್ಲ. ಆದರೆ ಒಂದು ಕಡೆ ಸಡಿಲಿಸಿದ ಕಾನೂನು ಎಲ್ಲ ಕಡೆ ಸಡಿಲವಾಗುತ್ತದೆ ಎಂಬುದೂ ನಿಜ. ಇಲ್ಲಿ ಉಪಯೋಗಕ್ಕೆ ಬರುವುದು ಮುಂಚಿತವಾಗಿ ಆಡಿದ ಮೃದುವಾದ ಮಾತೊಂದೇ. ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡುವವರು, ಆಸ್ಪತ್ರೆಯ ಸಿಬ್ಬಂದಿ, ಬಲೂನು ಅಂಗಡಿಯವರು ಇವರಿಗೆ ಕಾನೂನು ಗೊತ್ತಿದ್ದರೆ, ಕುಟುಂಬದವರು ನೂರು ಬಲೂನು ತರುವ ಮೊದಲೇ ಗಿಡ ನೆಡುವ ಅಥವಾ ದೀಪ ಹಚ್ಚಿ ನಿಲ್ಲುವ ಬೇರೆ ದಾರಿ ತೋರಿಸಬಹುದು.

ರೂಢಿಗಳು ಬದಲಾಗುವುದಿಲ್ಲ ಎನ್ನುವವರಿಗೆ ಸ್ಪೇನ್ ಪಕ್ಕದ ಪುಟ್ಟ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರ್ ಉತ್ತರ. ಅಲ್ಲಿ ರಾಷ್ಟ್ರೀಯ ದಿನದಂದು ನಿವಾಸಿಗೊಂದರಂತೆ 30,000 ಕೆಂಪು ಬಿಳಿ ಬಲೂನುಗಳನ್ನು ಬಿಡುವ ಸಂಪ್ರದಾಯ 1990ರ ದಶಕದಿಂದ ನಡೆದುಕೊಂಡು ಬಂದಿತ್ತು. ಕಡಲಜೀವಿಗಳಿಗೆ ಆಗುವ ಹಾನಿಯನ್ನು ಒಪ್ಪಿಕೊಂಡ ಸಂಘಟಕರು 2016ರಲ್ಲಿ ಅದನ್ನು ತಾವೇ ಕೈಬಿಟ್ಟರು. ರಾಷ್ಟ್ರೀಯ ದಿನದ ಆಚರಣೆ ಈಗಲೂ ಪ್ರತಿವರ್ಷ ನಡೆಯುತ್ತದೆ.

ಬಲೂನು ಬಿಡುಗಡೆಯ ಪ್ರಚಾರಪತ್ರ ನಿಮ್ಮ ಕಣ್ಣಿಗೆ ಬಿದ್ದರೆ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ದಿನಾಂಕ, ಸ್ಥಳ, ಸಂಘಟಕರ ಹೆಸರು ಅದರಲ್ಲಿ ಕಾಣುವಂತಿರಲಿ. ಮೊದಲ ಕರೆ ಸಂಘಟಕರಿಗೇ ಹೋಗಲಿ. ಹಾನಿಯ ಬಗ್ಗೆ ಗೊತ್ತಿಲ್ಲದೆ ಹೊರಟವರು ಒಂದು ಮಾತಿಗೆ ಮನಸ್ಸು ಬದಲಿಸುವುದುಂಟು. ಅವರು ಒಪ್ಪದಿದ್ದರೆ ಜಾಗದ ಮಾಲೀಕರಿಗೆ, ಆಮೇಲೆ ಅನುಮತಿ ಕೊಟ್ಟ ಸ್ಥಳೀಯ ಆಡಳಿತಕ್ಕೆ ಬರವಣಿಗೆಯಲ್ಲಿ ತಿಳಿಸಿ, ಯಾವ ಕಾನೂನಿನ ಯಾವ ಕಲಮು ಅನ್ವಯಿಸುತ್ತದೆ ಎಂಬುದನ್ನೂ ಬರೆಯಿರಿ. ಅಷ್ಟಾದರೂ ಬಲೂನು ಹಾರಿದರೆ, ಕೈಗಳು ದಾರ ಬಿಡುವ ಗಳಿಗೆಯನ್ನು ತೋರಿಸುವ ವಿಡಿಯೊ ಜತೆಗೆ ನಿಮ್ಮ ಆ ಹಿಂದಿನ ಪತ್ರವೂ ದೂರಿನೊಂದಿಗೆ ಹೋಗಲಿ. ನಮಗೆ ತಿಳಿದಿರಲಿಲ್ಲ ಎಂಬ ವಾದವನ್ನು ಆ ಪತ್ರ ಅಲ್ಲಿಗೇ ನಿಲ್ಲಿಸುತ್ತದೆ.